ಒಂದು ಹೋರಿಗಾಗಿ ನಡೆದ ಯುದ್ಧದ ಹಾದಿಯಲ್ಲಿ

ಐರ್ಲೆಂಡಿನ ಅತಿ ದೊಡ್ಡ ವೀರಗಾಥೆ ಶುರುವಾಗುವುದು ಗಂಡ ಹೆಂಡಿರ ಜಗಳದಿಂದ. ಪಶ್ಚಿಮದ ಕಾನಾಕ್ಟ್ ಸೀಮೆಯ ರಾಣಿ ಮೇವ್, ಅವಳ ಗಂಡ ಐಲಿಲ್. ಒಂದು ರಾತ್ರಿ ಹಾಸಿಗೆಯಲ್ಲೇ ಮಾತು ಬೆಳೆಯುತ್ತದೆ. ಇಬ್ಬರಲ್ಲಿ ಯಾರ ಆಸ್ತಿ ಜಾಸ್ತಿ? ಪಾತ್ರೆ, ಒಡವೆ, ಬಟ್ಟೆ, ಕುರಿ, ಕುದುರೆ, ಹಂದಿ ಎಲ್ಲವನ್ನೂ ತರಿಸಿ ಲೆಕ್ಕ ಹಾಕುತ್ತಾರೆ. ಎಲ್ಲ ಸರಿಸಮ. ಐಲಿಲ್ ಕಡೆ ಬಿಳಿ ಕೊಂಬಿನ ಹೋರಿಯೊಂದು ಮಾತ್ರ ಹೆಚ್ಚಿಗೆ. ಅದು ಹುಟ್ಟಿದ್ದು ಮೇವ್‌ಳ ಹಿಂಡಿನಲ್ಲೇ. ಹೆಂಗಸಿನ ಸೊತ್ತಾಗಿರಲು ಒಪ್ಪದೆ ಗಂಡನ ಹಿಂಡು ಸೇರಿಕೊಂಡಿತ್ತಂತೆ.

ಅದಕ್ಕೆ ಸಾಟಿಯಾದ ಇನ್ನೊಂದು ಹೋರಿ ಇರುವುದು ಪೂರ್ವ ಕರಾವಳಿಯ ಕೂಲೀ ಎಂಬಲ್ಲಿ, ಅಲ್ಸ್ಟರ್ ಸೀಮೆಯಲ್ಲಿ. ಮೇವ್ ಮೊದಲು ಒಂದು ವರ್ಷಕ್ಕೆ ಎರವಲು ಕೇಳುತ್ತಾಳೆ, ಬದಲಿಗೆ 50 ಕಡಸು ಕೊಡುತ್ತೇನೆ ಅನ್ನುತ್ತಾಳೆ. ಒಡೆಯ ಖುಷಿಯಿಂದಲೇ ಒಪ್ಪುತ್ತಾನೆ. ಆದರೆ ಅವಳ ದೂತರು ಕುಡಿದ ಅಮಲಿನಲ್ಲಿ, ಕೊಡದಿದ್ದರೆ ಕಿತ್ತುಕೊಂಡೇ ಹೋಗುತ್ತಿದ್ದೆವು ಅಂದುಬಿಡುತ್ತಾರೆ. ಅಲ್ಲಿಗೆ ಮಾತು ಮುರಿದುಬಿತ್ತು. ದಂಡು ಹೊರಟಿತು.

ಆ ದಂಡು ಹೊರಟ ಜಾಗದಿಂದಲೇ ನಾವೂ ಹೊರಟೆವು. ರಾಸ್‌ಕಾಮನ್ ಕೌಂಟಿಯ ಟಲ್ಸ್ಕ್ ಒಂದು ಪುಟ್ಟ ಊರು. ಅದರ ಪಕ್ಕದಲ್ಲೇ ರಾಥ್‌ಕ್ರೋಹನ್, ಮೇವ್‌ಳ ರಾಜಧಾನಿ. ಕೋಟೆ, ಅರಮನೆ ಅಂತ ಹುಡುಕಬೇಡಿ. ಇರುವುದು ಹುಲ್ಲು ಬೆಳೆದ ದಿಬ್ಬಗಳು, ಹಳ್ಳ ತೋಡಿದ ಗುರುತುಗಳು, ಅವುಗಳ ಮೇಲೆ ಮೇಯುವ ದನಗಳು. ಸುಮಾರು 240 ಪುರಾತನ ನೆಲೆಗಳು ಈ ಬಯಲಿನಲ್ಲಿವೆ. ದೊಡ್ಡ ದಿಬ್ಬ ಹತ್ತಿ ನಿಂತರೆ ನಾಲ್ಕೂ ದಿಕ್ಕಿಗೆ ಹಸಿರು. ದನವೇ ಸಂಪತ್ತಾಗಿದ್ದ ಕಾಲದ ರಾಣಿ ಇಲ್ಲೇ ಯಾಕೆ ನೆಲೆಸಿದಳು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ಅಲ್ಲಿನ ಗುಹೆ. ಹೆಸರು ಊನಗಾಟ್, ಅಂದರೆ ಬೆಕ್ಕುಗಳ ಗುಹೆ. ಒಬ್ಬ ರೈತರ ಹೊಲದ ಅಂಚಿನಲ್ಲಿ, ಮುಳ್ಳುಗಿಡದ ಬುಡದಲ್ಲಿ ಒಂದು ಸಣ್ಣ ಕಂಡಿ. ಅಷ್ಟೇ ಬಾಗಿಲು. ಕೂತು, ಜಾರಿ, ಮೊಣಕಾಲೂರಿ ಒಳಗೆ ಹೋಗಬೇಕು. ತಲೆಯ ಮೇಲಿನ ತೊಲೆಗಲ್ಲಿನ ಮೇಲೆ ಟಾರ್ಚ್ ಹಿಡಿದರೆ ಅಂಚಿನುದ್ದಕ್ಕೂ ಗೀರುಗಳು ಕಾಣುತ್ತವೆ. ಅದು ಓಗಮ್ ಲಿಪಿ, ಐರಿಷ್ ಭಾಷೆಯ ಅತಿ ಹಳೆಯ ಬರಹ. 'ಮೇವ್‌ಳ ಮಗ ಫ್ರೇಖ್‌ನದು' ಎಂದು ಅದನ್ನು ಓದುತ್ತಾರೆ. ಮೈಯೆಲ್ಲ ಕೆಸರು ಮಾಡಿಕೊಂಡು ಆ ಹೆಸರಿನ ಕೆಳಗೆ ತೆವಳುವಾಗ ನನಗೆ ಎದೆ ಹೊಡೆದುಕೊಂಡಿತು. ಒಳಗೆ ಸುಣ್ಣಕಲ್ಲಿನ ಸೀಳು ಸುಮಾರು 37 ಮೀಟರ್ ಉದ್ದ. ಕೊನೆ ಮುಟ್ಟಿದ ಮೇಲೆ ಗೈಡ್ ಎಲ್ಲರ ದೀಪ ಆರಿಸಲು ಹೇಳಿದರು. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಇದು ಯುದ್ಧದೇವತೆ ಮೊರಿಗನ್‌ಳ ಮನೆ. ಸೌವಿನ್ ಹಬ್ಬದ ರಾತ್ರಿ, ಅಂದರೆ ಈಗಿನ ಹ್ಯಾಲೋವೀನ್ ದಿನ, ಆಚೆ ಲೋಕದ ಪ್ರಾಣಿಗಳೆಲ್ಲ ಹೊರಬರುತ್ತಿದ್ದುದು ಈ ಕಂಡಿಯಿಂದಲೇ ಎಂದು ಹಳೆಯ ಕತೆಗಳು ಹೇಳುತ್ತವೆ.

ಅಲ್ಲಿಂದ ಪೂರ್ವಕ್ಕೆ, ಕೂಲೀ ಇರುವ ಲೌತ್ ಕೌಂಟಿಗೆ. ದಾರಿಯುದ್ದಕ್ಕೂ ಮಳೆ.

ದಂಡು ಬಂದಾಗ ಅಲ್ಸ್ಟರ್‌ನ ಗಂಡಸರು ಏಳಲಾರದೆ ಮಲಗಿದ್ದರು. ಕಾರಣ ಮಾಖಾಳ ಶಾಪ. ತುಂಬು ಬಸುರಿಯಾಗಿದ್ದ ಅವಳನ್ನು ರಾಜನ ಕುದುರೆಗಳ ಜೊತೆ ಓಡಿಸಿದ್ದರು. ಬೇಡಿಕೊಂಡರೂ ಯಾರೂ ಬಿಡಲಿಲ್ಲ. ಅವಳು ಓಡಿ ಗೆದ್ದು ಅಲ್ಲೇ ಅವಳಿ ಮಕ್ಕಳನ್ನು ಹೆತ್ತಳು. ನಿಮಗೆ ಅತಿ ಕಷ್ಟ ಬಂದ ಹೊತ್ತಿನಲ್ಲಿ ಹೆರಿಗೆ ನೋವು ನಿಮ್ಮನ್ನು ಕಾಡಲಿ ಎಂದು ಶಪಿಸಿದಳು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಅತಿ ನ್ಯಾಯದ ಮಾತು ಅವಳದು. ಆ ಶಾಪ ತಟ್ಟದೆ ಉಳಿದ ಹದಿನೇಳರ ಹುಡುಗ ಕೂಹುಲಿನ್ ಒಬ್ಬನೇ ನಿಂತು ಹೊಳೆಯ ಕಡವುಗಳಲ್ಲಿ ದಂಡನ್ನು ತಡೆದ.

ಆರ್ಡೀ ಊರಿನ ಹೊಳೆ ದಡದಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಕೂಹುಲಿನ್ ಸತ್ತ ಗೆಳೆಯ ಫರ್ಡಿಯಾನನ್ನು ಎತ್ತಿಕೊಂಡಿದ್ದಾನೆ. ಇಬ್ಬರೂ ಒಂದೇ ಗುರುವಿನ ಬಳಿ ಕಲಿತವರು. ಮೇವ್ ಆಸೆ ತೋರಿಸಿ, ಅವಮಾನದ ಭಯ ಹುಟ್ಟಿಸಿ ಫರ್ಡಿಯಾನನ್ನು ಕಳಿಸಿದ್ದಳು. ಹಗಲೆಲ್ಲ ಹೊಡೆದಾಡಿ, ರಾತ್ರಿ ಒಬ್ಬ ಗಾಯಕ್ಕೆ ಸೊಪ್ಪಿನ ಮದ್ದು ಕಳಿಸಿದರೆ ಇನ್ನೊಬ್ಬ ಊಟ ಕಳಿಸುತ್ತಿದ್ದ. ಸಾರಥಿಗಳಿಬ್ಬರೂ ಒಂದೇ ಬೆಂಕಿಯ ಮುಂದೆ ಮಲಗುತ್ತಿದ್ದರು. ಮೂರನೆಯ ರಾತ್ರಿ ಅದೂ ನಿಂತಿತು. ಮರುದಿನ ಫರ್ಡಿಯಾ ಸತ್ತ. ಕತೆಯಲ್ಲಿ ಎಷ್ಟೋ ಕೊಲೆಗಳಿವೆ, ಆದರೆ ಕೂಹುಲಿನ್ ಕೂತು ಅಳುವುದು ಇಲ್ಲಿ.

ಮುಂದೆ ಕೂಹುಲಿನ್ ಸತ್ತ ಜಾಗ ನಾಕ್‌ಬ್ರಿಜ್ ಹತ್ತಿರ. ಗೇಟು ದಾಟಿ ಹೊಲದೊಳಗೆ ನಡೆದರೆ ಸುಮಾರು ಮೂರು ಮೀಟರ್ ಎತ್ತರದ ಒಂಟಿ ಕಲ್ಲು. ಗಾಯಗೊಂಡ ಮೇಲೆ ನಿಂತೇ ಸಾಯಬೇಕೆಂದು ತನ್ನನ್ನು ಇದಕ್ಕೇ ಕಟ್ಟಿಕೊಂಡನಂತೆ. ಹಕ್ಕಿಯೊಂದು ಹೆಗಲ ಮೇಲೆ ಬಂದು ಕೂರುವ ತನಕ ಹತ್ತಿರ ಹೋಗಲು ವೈರಿಗಳಿಗೆ ಧೈರ್ಯ ಬರಲಿಲ್ಲ. ತುರುಗೋಳಿನಲ್ಲಿ ಮಡಿದವರಿಗೆ ನಮ್ಮೂರುಗಳಲ್ಲಿ ನಿಲ್ಲಿಸಿದ ವೀರಗಲ್ಲುಗಳು ತಾನಾಗಿಯೇ ನೆನಪಾದವು. ಆದರೆ ಈ ಕಲ್ಲಿನಲ್ಲಿ ದನವಿಲ್ಲ, ವೀರನಿಲ್ಲ, ಒಂದು ಅಕ್ಷರವೂ ಇಲ್ಲ. ಎಲ್ಲವನ್ನೂ ಜನರ ಬಾಯಿಮಾತೇ ಹೊತ್ತುಕೊಂಡು ಬಂದಿದೆ.

ಅಷ್ಟೆಲ್ಲ ಆಗಿ ಆ ಹೋರಿಯ ಗತಿ? ಮೇವ್ ಅದನ್ನು ಹೊಡೆದುಕೊಂಡು ಹೋದದ್ದೇನೋ ನಿಜ. ಎರಡು ಹೋರಿಗಳೂ ಕಾದಾಡಿದವು. ಬಿಳಿ ಕೊಂಬಿನದು ಸತ್ತಿತು. ಕೂಲೀಯ ಹೋರಿ ತನ್ನ ಸೀಮೆಗೆ ಮರಳಿ ಎದೆಯೊಡೆದು ಸತ್ತಿತು. ಕಾರ್ಲಿಂಗ್‌ಫರ್ಡ್‌ ಊರಿನಿಂದ ಕೂಲೀಯ ಗುಡ್ಡಗಳನ್ನು ಸುತ್ತಿಬರುವ 40 ಕಿಲೋಮೀಟರಿನ ಕಾಲುಹಾದಿ ಇದೆ. ನಾವು ಅದರ ಒಂದು ತುಂಡು ಮಾತ್ರ ನಡೆದೆವು.

ಡಬ್ಲಿನ್‌ಗೆ ಬಂದವರು ಓಕಾನೆಲ್ ಬೀದಿಯ ದೊಡ್ಡ ಅಂಚೆ ಕಚೇರಿಯಲ್ಲೂ ಕೂಹುಲಿನ್‌ನನ್ನು ನೋಡಬಹುದು. ಆಲಿವರ್ ಶೆಪರ್ಡ್ ಮೊದಲೇ ಮಾಡಿದ್ದ ಪ್ರತಿಮೆಯನ್ನು, ಬ್ರಿಟಿಷರ ವಿರುದ್ಧದ 1916ರ ಬಂಡಾಯದ ನೆನಪಿಗೆಂದು 1935ರಲ್ಲಿ ಅಲ್ಲಿಟ್ಟರು. ಹೆಗಲ ಮೇಲೆ ಆ ಹಕ್ಕಿಯೂ ಇದೆ. ಒಂದು ದಿನ ಕೈಯಲ್ಲಿ ಉಳಿದಿದ್ದರೆ ಮಾತ್ರ ದಯವಿಟ್ಟು ಟಲ್ಸ್ಕ್‌ಗೆ ಹೋಗಿ. ಕಾರಿನಲ್ಲಿ ಎರಡು ಗಂಟೆ ಸಾಕು. ಅಲ್ಲಿನ ಮಾಹಿತಿ ಕೇಂದ್ರಕ್ಕೆ ಮೊದಲೇ ತಿಳಿಸಿ, ಗೈಡ್ ಜೊತೆಗೇ ಗುಹೆಗೆ ಇಳಿಯಿರಿ. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ.