ಐದು ಮೀಟರಿನ ಅಂಚು

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ನಾನು ಕೆಲಸ ಮಾಡುವ ಲೆಕ್ಕಪತ್ರ ಕಚೇರಿಯ ಬಾಗಿಲಲ್ಲಿ ವೃದ್ಧೆಯೊಬ್ಬರು ಬಂದು ನಿಂತಿದ್ದರು. ಅವರನ್ನು ಒಳಗೆ ಕರೆಯಲೆಂದು ಕುರ್ಚಿಯಿಂದ ಎದ್ದಾಗ ನನ್ನ ಉಡುಪಿನ ಅಂಚು ಕುರ್ಚಿಯ ಗಾಲಿಯಡಿ ಸಿಕ್ಕಿ ಪರ್ರನೆ ಹರಿಯಿತು. ಕಡುನೀಲಿ ನೆಲದ ಮೇಲೆ ಬಿಳಿಯ ಚುಕ್ಕೆಗಳಿದ್ದ ಆ ಹತ್ತಿಯ ಉಡುಪಿಗೆ ಸುಮಾರು 70 ವರ್ಷ ವಯಸ್ಸಾಗಿತ್ತು. ಅದು ನನಗಿಂತ ಮೂರು ದಶಕ ಹಿರಿಯದು. ಹರಿದ ಸದ್ದು ಕೇಳಿದ ಕ್ಷಣ ನನಗೆ ಆದದ್ದು ನಾಚಿಕೆಯಲ್ಲ, ಮನೆಯ ಹಿರಿಯರೊಬ್ಬರು ನನ್ನ ಅಜಾಗರೂಕತೆಯಿಂದ ಎಡವಿ ಬಿದ್ದಂತಹ ಸಂಕಟ.

ಆ ಉಡುಪನ್ನು ನಾನು ಯಾವುದೋ ಸಮಾರಂಭಕ್ಕಾಗಿ ತೊಟ್ಟಿರಲಿಲ್ಲ. ಎರಡು ವರ್ಷಗಳಿಂದ ನಾನು ಪ್ರತಿದಿನ ಉಡುವುದೇ 1940 ಮತ್ತು 50ರ ದಶಕಗಳ ಬಟ್ಟೆಗಳನ್ನು, ಇಲ್ಲವೇ ಅವುಗಳ ಮಾದರಿಯಲ್ಲಿ ನಾನೇ ಹೊಲಿದುಕೊಂಡವನ್ನು. ನಡುವಿನಲ್ಲಿ ಬಿಗಿಯಾಗಿ ಕೂತು, ಅಲ್ಲಿಂದ ಕೆಳಕ್ಕೆ ಪೂರ್ಣ ವೃತ್ತವಾಗಿ ಹರಡಿ ಮೊಣಕಾಲ ಕೆಳಗೆ ಇಳಿಯುವ ಲಂಗ, ಹೃದಯದ ಆಕಾರದ ಕೊರಳು, ಕೆಂಪು ತುಟಿಬಣ್ಣ, ಹಣೆಯ ಮೇಲೆ ಸುರುಳಿ ಸುತ್ತಿ ನಿಲ್ಲಿಸಿದ ಕೂದಲು. ಈ ಶೈಲಿಯನ್ನು ಪಿನ್-ಅಪ್ ಎಂದು ಕರೆಯುತ್ತಾರೆ. ಹೆಸರು ಬಂದದ್ದು ಬಟ್ಟೆಯಿಂದಲ್ಲ, ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದ ಹೆಂಗಸರ ಚಿತ್ರಗಳಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಇಂಥ ಚಿತ್ರಗಳನ್ನು ದೂರದೂರದ ಶಿಬಿರಗಳಿಗೂ ಒಯ್ದರು. 1943ರಲ್ಲಿ ನಟಿ ಬೆಟ್ಟಿ ಗ್ರೇಬಲ್ ಬಿಳಿಯ ಈಜುಡುಗೆಯಲ್ಲಿ ಹೆಗಲ ಮೇಲಿಂದ ಹಿಂತಿರುಗಿ ನೋಡುವ ಛಾಯಾಚಿತ್ರ ಅವುಗಳಲ್ಲೆಲ್ಲ ಹೆಸರಾದದ್ದು.

ನಾನು ಬದುಕುತ್ತಿರುವ ಊರಿಗೂ ಈ ಚಿತ್ರಗಳಿಗೂ ಹತ್ತಿರದ ನಂಟಿದೆ. 1896ರಲ್ಲಿ ಸೇಂಟ್ ಪಾಲ್‌ನಲ್ಲಿ ಶುರುವಾದ ಬ್ರೌನ್ ಅಂಡ್ ಬಿಗೆಲೋ ಎಂಬ ಸಂಸ್ಥೆ ಕ್ಯಾಲೆಂಡರ್ ಮುದ್ರಣಕ್ಕೆ ದೇಶದಲ್ಲೆಲ್ಲ ಹೆಸರಾಗಿತ್ತು. ಅದಕ್ಕಾಗಿ 1940ರ ದಶಕದ ಮಧ್ಯದಿಂದ ಪಿನ್-ಅಪ್ ಚಿತ್ರಗಳನ್ನು ಬರೆದ ಗಿಲ್ ಎಲ್ವ್‌ಗ್ರೆನ್ ಹುಟ್ಟಿದ್ದೂ, 1914ರಲ್ಲಿ, ಇದೇ ಊರಿನಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ಅವರ ಕ್ಯಾಲೆಂಡರ್ ಹಾಳೆಗಳನ್ನು ನೋಡಿದಾಗ ನನಗೆ ನೆನಪಾದದ್ದು ಕಲಬುರಗಿಯ ನಮ್ಮ ಮನೆಯ ನಡುಮನೆ. ಅಲ್ಲಿ ಎಸ್. ಎಂ. ಪಂಡಿತರು ಬರೆದ ಪುರಾಣದ ಚಿತ್ರವಿದ್ದ ಹಳೆಯ ಕ್ಯಾಲೆಂಡರೊಂದನ್ನು, ವರ್ಷ ಮುಗಿದ ಮೇಲೂ ತೆಗೆಯಲು ಮನಸ್ಸಾಗದೆ, ತಾರೀಖಿನ ಭಾಗವನ್ನಷ್ಟೇ ಕತ್ತರಿಸಿ ಕಟ್ಟು ಹಾಕಿಸಿ ತೂಗುಹಾಕಿದ್ದರು. 1916ರಲ್ಲಿ ನಮ್ಮ ಊರಿನಲ್ಲೇ ಹುಟ್ಟಿ ಮುಂಬೈಯಲ್ಲಿ ಸಿನಿಮಾ ಭಿತ್ತಿಚಿತ್ರಗಳನ್ನೂ ಕ್ಯಾಲೆಂಡರುಗಳನ್ನೂ ಬರೆದ ಪಂಡಿತರ ಹೆಣ್ಣುಗಳ ಮೈಮೇಲೂ ಬೆಳಕು ಹೀಗೆಯೇ ಬೀಳುತ್ತದೆ, ಸೆರಗಿನ ಮಡಿಕೆಯೊಂದೊಂದೂ ಹೀಗೆಯೇ ಹೊಳೆಯುತ್ತದೆ. ಬಟ್ಟೆಯ ಬೀಳುವಿಕೆಯನ್ನು ಗಮನಿಸಿ ನೋಡುವ ಕಣ್ಣು ನನಗೆ ಬಂದದ್ದು ಆ ಕ್ಯಾಲೆಂಡರಿನಿಂದ ಎಂದು ನಾನು ನಂಬಿದ್ದೇನೆ.

ಆದರೆ ಎಲ್ವ್‌ಗ್ರೆನ್ ಚಿತ್ರಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಂಗತಿ ಇತ್ತು. ಅವರ ಎಷ್ಟೋ ಚಿತ್ರಗಳಲ್ಲಿ ಹೆಣ್ಣಿಗೆ ಏನಾದರೂ ಎಡವಟ್ಟು ಆಗಿರುತ್ತದೆ. ಲಂಗ ಎಲ್ಲಿಗೋ ಸಿಕ್ಕಿಕೊಂಡಿರುತ್ತದೆ, ಗಾಳಿ ಅದನ್ನು ಎತ್ತಿರುತ್ತದೆ, ನಾಯಿಯ ಹಗ್ಗ ಕಾಲಿಗೆ ಸುತ್ತಿಕೊಂಡಿರುತ್ತದೆ. ಅವಳು ಹುಬ್ಬೇರಿಸಿ, ಬಾಯಿ ಗುಂಡಗೆ ಮಾಡಿ ನೋಡುವವನತ್ತ ತಿರುಗಿರುತ್ತಾಳೆ, ಹಿಡಿದ ಕೆಲಸ ಎಂದಿಗೂ ಮುಗಿಯುವುದಿಲ್ಲ. ಉಡುಪು ನನಗೆ ಬಹಳ ಇಷ್ಟವಾಯಿತು, ಆ ಅಸಹಾಯಕತೆ ಇಷ್ಟವಾಗಲಿಲ್ಲ. ಇವೆರಡನ್ನೂ ಬೇರ್ಪಡಿಸಬಹುದೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಓದುತ್ತ ಹೋದಂತೆ, ಅದೇ ಸಂಸ್ಥೆಗೆ ಕ್ಯಾಲೆಂಡರ್ ಚಿತ್ರ ಬರೆದ ಜೋಯಿ ಮೋಜರ್ಟ್ ಎಂಬ ಕಲಾವಿದೆ ಕನ್ನಡಿಯ ಮುಂದೆ ಕೂತು ತನ್ನನ್ನೇ ಮಾದರಿಯಾಗಿಟ್ಟುಕೊಂಡು ಬರೆಯುತ್ತಿದ್ದಳೆಂದು ತಿಳಿದು ಸಮಾಧಾನವಾಯಿತು. ಈ ಬಟ್ಟೆಗಳ ನಿಜವಾದ ಚರಿತ್ರೆ ಗೋಡೆಯ ಮೇಲಿರುವುದಕ್ಕಿಂತ ಕಾರ್ಖಾನೆಯಲ್ಲೂ ಅಡುಗೆಮನೆಯಲ್ಲೂ ಇದೆ ಎಂಬುದೂ ಮೆಲ್ಲಗೆ ಗೊತ್ತಾಯಿತು. ಯಂತ್ರಕ್ಕೆ ಕೂದಲು ಸಿಕ್ಕಬಾರದೆಂದು ತಲೆಗೆ ಕಟ್ಟಿದ ಕೆಂಪು ಚುಕ್ಕೆಯ ವಸ್ತ್ರವೇ ಇಂದು ಪಿನ್-ಅಪ್ ಶೈಲಿಯ ಗುರುತುಗಳಲ್ಲಿ ಒಂದಾಗಿದೆ. 1942ರಲ್ಲಿ ಅಮೆರಿಕ ಸರ್ಕಾರ ಎಲ್-85 ಎಂಬ ಆದೇಶ ಹೊರಡಿಸಿ ಹೆಂಗಸರ ಉಡುಪಿಗೆ ಎಷ್ಟು ಬಟ್ಟೆ ಬಳಸಬಹುದೆಂದು ಮಿತಿ ಹಾಕಿತು. ಯುದ್ಧ ಮುಗಿದು, 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಸಂಗ್ರಹವನ್ನು ತೋರಿಸಿದಾಗ ಲಂಗ ಮತ್ತೆ ಅಗಲವಾಯಿತು. ವರ್ಷಗಟ್ಟಲೆ ಅಳೆದು ಉಟ್ಟವರಿಗೆ ಆ ಅಗಲದ ಬೆಲೆ ಏನೆಂದು ಗೊತ್ತಿತ್ತು.

ಕಡುನೀಲಿ ಉಡುಪು ನನಗೆ ಸಿಕ್ಕಿದ್ದು ತೀರಿಕೊಂಡವರೊಬ್ಬರ ಮನೆಯ ಸಾಮಾನುಗಳನ್ನು ಮಾರುತ್ತಿದ್ದ ಎಸ್ಟೇಟ್ ಸೇಲ್‌ನಲ್ಲಿ. ಒಳಹೊಲಿಗೆಯಲ್ಲಿ ಮಹಿಳಾ ಉಡುಪು ಕೆಲಸಗಾರರ ಅಂತರರಾಷ್ಟ್ರೀಯ ಸಂಘದ ಪುಟ್ಟ ಚೀಟಿ ಇತ್ತು. ಅದರಲ್ಲಿ ಎ.ಎಫ್.ಎಲ್. ಎಂದಷ್ಟೇ ಇದ್ದು ಸಿ.ಐ.ಒ. ಎಂಬ ಅಕ್ಷರಗಳಿರಲಿಲ್ಲ. ಆ ಎರಡು ಕಾರ್ಮಿಕ ಒಕ್ಕೂಟಗಳು ಒಂದಾದದ್ದು 1955ರಲ್ಲಿ, ಹಾಗಾಗಿ ಉಡುಪು ಅದಕ್ಕಿಂತ ಮೊದಲಿನದು. ಪಕ್ಕದಲ್ಲಿ ಲೋಹದ ಜಿಪ್ಪು, ಬಲಗಡೆಯ ಹೊಲಿಗೆಯಲ್ಲಿ ಕೈ ಪೂರ್ತಿ ಮುಳುಗುವಷ್ಟು ಆಳದ ಜೇಬು, ಬೇಕಾದಾಗ ಬಿಡಿಸಿಕೊಳ್ಳಲು ಒಳಗೆ ಬಿಟ್ಟಿದ್ದ ಧಾರಾಳವಾದ ಬಟ್ಟೆ. ಚೀಟಿಯ ಮೇಲೆ ಅಳತೆ 16 ಎಂದಿತ್ತು. ಈಗಿನ ಅಂಗಡಿಗಳಲ್ಲಿ ನನ್ನ ಅಳತೆ 8. ಅಂದಿನ ಸಂಖ್ಯೆಗಳು ಬೇರೆ, ಇಂದಿನವು ಬೇರೆ, ಆದ್ದರಿಂದ ಹಳೆಯ ಬಟ್ಟೆ ಕೊಳ್ಳುವವರು ಚೀಟಿಯನ್ನು ನಂಬದೆ ಟೇಪು ಹಿಡಿದೇ ಹೋಗಬೇಕು. ನಡು 28 ಇಂಚು. ನನಗೆ ಸರಿಯಾಗಿತ್ತು.

ಇದನ್ನು ಕಚೇರಿಗೆ ತೊಟ್ಟು ಹೋಗುವ ಧೈರ್ಯ ಬರಲು ನಾಲ್ಕು ತಿಂಗಳು ಬೇಕಾಯಿತು. ಕ್ಯಾಲೆಂಡರಿನ ಹೆಣ್ಣುಗಳೆಲ್ಲ ಬಿಳಿಯರು, ನನ್ನದು ಕಪ್ಪು ಬಣ್ಣ. ಈ ಉಡುಪು ನನ್ನ ಮೈಮೇಲೆ ವೇಷದಂತೆ ಕಾಣುವುದೇನೋ ಎಂಬ ಅಳುಕನ್ನು ಯಾರೊಂದಿಗೂ ಹೇಳಿಕೊಂಡಿರಲಿಲ್ಲ. 1951ರಲ್ಲಿ ಷಿಕಾಗೊದಲ್ಲಿ ಆರಂಭವಾದ ಜೆಟ್ ಎಂಬ ಕಪ್ಪುವರ್ಣೀಯರ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತಿರುವಿಹಾಕಿದಾಗ ಆ ಅಳುಕು ಕರಗಿತು. ಅದೇ ಕಾಲದ ಅದೇ ಬೆಡಗಿನಲ್ಲಿ, ನನ್ನಷ್ಟೇ ಕಪ್ಪಾಗಿದ್ದ ಎಷ್ಟೋ ಯುವತಿಯರು ಅಲ್ಲಿ ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರು. ಕಿತ್ತಳೆ ಛಾಯೆಯ ಕೆಂಪು ನನಗೆ ಒಪ್ಪುವುದಿಲ್ಲ, ದಾಸವಾಳದ ಕಡುಗೆಂಪು ಒಪ್ಪುತ್ತದೆ ಎಂದು ಹಚ್ಚಿ ನೋಡಿ ತಿಳಿದುಕೊಳ್ಳುವ ಧೈರ್ಯ ಕೊಟ್ಟವರೂ ಅವರೇ, ಆ ಚಿತ್ರಗಳು ಕಪ್ಪುಬಿಳುಪಿನವಾಗಿದ್ದರೂ.

ಕೂದಲಿನ ಕೆಲಸ ನಾನು ಎಣಿಸಿದ್ದಕ್ಕಿಂತ ಸುಲಭವಾಯಿತು. ವಿಕ್ಟರಿ ರೋಲ್ ಎಂಬ ಸುರುಳಿ ನಿಲ್ಲಬೇಕಾದರೆ ಕೂದಲಿಗೆ ಸ್ವಲ್ಪ ಜಿಡ್ಡು, ಸ್ವಲ್ಪ ಬಿಗಿ ಬೇಕು. ಎಣ್ಣೆ ಹಚ್ಚಿ ಹೆರಳು ಹಾಕಿಸಿಕೊಂಡು ಬೆಳೆದ ತಲೆಗೆ ಅದು ಹೊಸದೇನಲ್ಲ. ರಾತ್ರಿ ಮಲಗುವ ಮುಂಚೆ ತುಸು ಒದ್ದೆಯಾದ ಎಳೆಗಳನ್ನು ಬೆರಳಿಗೆ ಸುತ್ತಿ ಪಿನ್ನು ಹಾಕಿ ವಸ್ತ್ರ ಕಟ್ಟಿದರೆ ಬೆಳಿಗ್ಗೆ ಹದಿನೈದು ನಿಮಿಷ ಸಾಕು. ಚಳಿಗಾಲದ ಚಿಂತೆಯೂ ಹಾಗೆಯೇ ಪರಿಹಾರವಾಯಿತು. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಆದರೆ ಉಣ್ಣೆಯ ಉದ್ದ ಕಾಲುಚೀಲದ ಮೇಲೆ ಎರಡು ಪದರದ ಒಳಲಂಗ ಹಾಕಿದರೆ ನಡುವೆ ನಿಲ್ಲುವ ಗಾಳಿ ಪ್ಯಾಂಟಿಗಿಂತ ಚೆನ್ನಾಗಿ ಬೆಚ್ಚಗಿಡುತ್ತದೆ. ಕನ್ನಡದ ಗೆಳತಿಯರು ಮೊದಮೊದಲು ಇವತ್ತೇನು ವಿಶೇಷ ಎಂದು ಕೇಳುತ್ತಿದ್ದರು. ಏನೂ ಇಲ್ಲ, ಬುಧವಾರ ಎಂದು ನಾನು ಉತ್ತರಿಸುತ್ತಿದ್ದೆ. ಕೆಲವು ತಿಂಗಳಲ್ಲಿ ಆ ಪ್ರಶ್ನೆ ನಿಂತಿತು.

ಆ ಮಂಗಳವಾರ ಬಾಗಿಲಲ್ಲಿ ನಿಂತಿದ್ದವರು ಎಂಬತ್ತು ದಾಟಿದ ಹೆಂಗಸು. ತೀರಿಕೊಂಡ ಗಂಡನ ತೆರಿಗೆ ಕಾಗದಗಳ ಚೀಲ ಅವರ ಕೈಯಲ್ಲಿತ್ತು. ಸದ್ದು ಕೇಳಿದವರೇ ಅವರು ಚೀಲವನ್ನು ನೆಲಕ್ಕಿಟ್ಟು, ಏನೂ ಕೇಳದೆ, ಕುರ್ಚಿಯ ಬೆನ್ನು ಹಿಡಿದು ಓರೆಯಾಗಿಸಿದರು. ನಾನು ಕೂತು ಗಾಲಿಯಿಂದ ಅಂಚನ್ನು ಬಿಡಿಸಿದೆ. ಒಂದು ಗೇಣಿನಷ್ಟು ಹೊಲಿಗೆ ಬಿಚ್ಚಿ, ಅದರ ಕೊನೆಯಲ್ಲಿ ಬಟ್ಟೆಯೇ ಎರಡು ಇಂಚು ಸೀಳಿತ್ತು. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಮೂರು ಸೇಫ್ಟಿ ಪಿನ್ನುಗಳನ್ನು ನಾನು ಒಂದೊಂದಾಗಿ ತೆಗೆಯುವುದನ್ನು ಕಂಡು ಅವರು ಬೆರಗಾದರು. ಅವರ ತಾಯಿ ಪಿನ್ನುಗಳನ್ನು ಏಪ್ರನ್ನಿನ ಎದೆಯ ಮೇಲೆ ಸಾಲಾಗಿ ಚುಚ್ಚಿಕೊಂಡಿರುತ್ತಿದ್ದರಂತೆ. ನಮ್ಮ ಅವ್ವ ಬಳೆಗೆ ಎಂದೆ. ಅವರು ನನ್ನೆದುರು ಕೂತು, ನಡುಗುವ ಬೆರಳುಗಳಿಂದಲೇ ಸೀಳಿನ ಎರಡು ತುದಿಗಳನ್ನು ಕೂಡಿಸಿ ಹಿಡಿದರು, ನಾನು ಪಿನ್ನು ಹಾಕಿದೆ.

ಮಿನೆಸೋಟದ ದಕ್ಷಿಣದ ಹೊಲಮನೆಯಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಇಂಥ ಉಡುಪುಗಳನ್ನು ತಾಯಿ ಹೊಲಿದುಕೊಡುತ್ತಿದ್ದದ್ದು ಕೋಳಿಮೇವಿನ ಚೀಲಗಳಿಂದ. ಹೆಂಗಸರು ಚೀಲದ ಬಟ್ಟೆಯಲ್ಲಿ ಉಡುಪು ಹೊಲಿಯುತ್ತಾರೆಂದು ತಿಳಿದ ಮೇವಿನ ಕಂಪನಿಗಳು ಹತ್ತಿಯ ಚೀಲಗಳ ಮೇಲೆ ಹೂವು, ಚುಕ್ಕೆ, ಗೆರೆಗಳನ್ನು ಮುದ್ರಿಸತೊಡಗಿದ್ದವು. ಒಂದು ಉಡುಪಿಗೆ ಒಂದೇ ವಿನ್ಯಾಸದ ಮೂರು ಚೀಲ ಬೇಕಾಗುತ್ತಿದ್ದುದರಿಂದ ತಾಯಿ ತುಣುಕೊಂದನ್ನು ತಂದೆಯ ಜೇಬಿಗೆ ಹಾಕಿ ಕಳಿಸುತ್ತಿದ್ದರು, ತಂದೆ ಅಂಗಡಿಯಲ್ಲಿ ಅಷ್ಟೆತ್ತರದ ರಾಶಿಯ ಅಡಿಯಿಂದ ಅದಕ್ಕೆ ಹೊಂದುವ ಚೀಲವನ್ನೇ ಎಳೆಸಿ ತರುತ್ತಿದ್ದರು. ಇದನ್ನು ಹೇಳುವಾಗ ಅವರ ಕೈ ನನ್ನ ಲಂಗದ ಅಂಚಿನ ಮೇಲೇ ಇತ್ತು. ಆಗ ನನಗೆ ಆ ಕ್ಯಾಲೆಂಡರ್ ಚಿತ್ರಗಳು ನೆನಪಾದವು. ಲಂಗ ಸಿಕ್ಕಿಕೊಂಡ ಹೆಣ್ಣು ಇಲ್ಲಿಯೂ ಇದ್ದಳು, ಆದರೆ ದೂರ ನಿಂತು ನೋಡುವವರು ಯಾರೂ ಇರಲಿಲ್ಲ. ಇಬ್ಬರು ಹೆಂಗಸರು ನೆಲಕ್ಕೆ ಕೂತು ಹರಿದ ಬಟ್ಟೆಯನ್ನು ಕೂಡಿಸುತ್ತಿದ್ದೆವು. ಆಮೇಲೆ ಎದ್ದು, ಅವರ ಗಂಡನ ಕಾಗದಗಳನ್ನು ಒಂದೂವರೆ ಗಂಟೆ ಕಾಲ ಜೋಡಿಸಿದೆವು.

ರಾತ್ರಿ ಒಂಬತ್ತಕ್ಕೆ, ಕಲಬುರಗಿಯಲ್ಲಿ ಬೆಳಗಿನ ಏಳೂವರೆ, ಅವ್ವನಿಗೆ ವಿಡಿಯೊ ಕರೆ ಮಾಡಿ ಉಡುಪನ್ನು ಹಾಸಿಗೆಯ ಮೇಲೆ ಹರಡಿ ತೋರಿಸಿದೆ. ಮೂವತ್ತು ವರ್ಷ ಓಣಿಯ ಹೆಣ್ಣುಮಕ್ಕಳಿಗೆಲ್ಲ ಪರಕಾರ, ಪೋಲ್ಕಾ ಹೊಲಿದುಕೊಟ್ಟವಳು ಅವಳು. ನಮ್ಮ ಕಡೆ ಕುಪ್ಪಸಕ್ಕೆ ಪೋಲ್ಕಾ ಎನ್ನುತ್ತಾರೆ. ಈ ಚುಕ್ಕೆಯ ವಿನ್ಯಾಸಕ್ಕೂ ಇಲ್ಲಿ ಪೋಲ್ಕಾ ಎಂದೇ ಹೆಸರು ಎಂದು ಹಿಂದೊಮ್ಮೆ ಹೇಳಿದಾಗ ಅವಳು ಬಹಳ ಸಂತೋಷಪಟ್ಟಿದ್ದಳು. ಈಗ ಕನ್ನಡಕ ಹಾಕಿಕೊಂಡು, “ಸುತ್ತಳತಿ ಎಷ್ಟದ?” ಎಂದು ಕೇಳಿದಳು. ನಾನು ಲೆಕ್ಕ ಹಾಕಿದೆ. 28 ಇಂಚಿನ ನಡುವಿಗೆ ಒಳವೃತ್ತದ ತ್ರಿಜ್ಯ ಸುಮಾರು ನಾಲ್ಕೂವರೆ ಇಂಚು, ಅದಕ್ಕೆ ಲಂಗದ ಉದ್ದ 27 ಇಂಚು ಕೂಡಿಸಿ ಸುತ್ತಿದರೆ 198 ಇಂಚು. ಅಂದರೆ ಐದು ಮೀಟರು.

“ಐದು ಮೀಟರ್ ಅಂದ್ರ ಸೀರೀನೇ ಆತಲ್ಲವಾ,” ಎಂದಳು ಅವ್ವ. “ಸೀರಿಗಿ ಹಚ್ಚಿದಂಗ ಇದಕ್ಕೂ ಫಾಲ್ ಹಚ್ಚು.”

ಪೆಟ್ಟಿಗೆಯಲ್ಲಿ ಕಡುನೀಲಿ ಸೀರೆಗೆಂದು ತಂದಿಟ್ಟಿದ್ದ, ಎರಡೂ ಮುಕ್ಕಾಲು ಮೀಟರಿನ ಫಾಲ್ ಇತ್ತು. ಅವ್ವ ಹೇಳಿದಂತೆ ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿದೆ, ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಅಂಚನ್ನು ಎಳೆಯುತ್ತದೆ. ಅನಂತರ ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿ ತುದಿಗಳನ್ನು ಕೂಡಿಸಿದಾಗ ಪೂರ್ತಿ ಸುತ್ತಿಗೆ ಸಾಕಾಯಿತು. ಸೀರೆಯ ಅಂಚು ನೇರ, ಇದರದು ಬಾಗು. ನೇರ ಪಟ್ಟಿ ಬಾಗಿನ ಮೇಲೆ ಕೂರಬೇಕಾದರೆ ಅದರ ಮೇಲಂಚಿನಲ್ಲಿ ಗೇಣಿಗೊಂದರಂತೆ ಕಾಳಿನಷ್ಟು ಚಿಕ್ಕ ಮಡಿಕೆ ಹಿಡಿಯಬೇಕು. ಅದನ್ನು ಅವ್ವ ತನ್ನ ಸೆರಗನ್ನೇ ಬಾಗಿಸಿ ಹಿಡಿದು ತೋರಿಸಿದಳು. ಸೀಳಿದ ಭಾಗಕ್ಕೆ ಒಳಗಿನಿಂದ ತುಂಡು ಕೊಟ್ಟು ಎಳೆ ಎಳೆಯಾಗಿ ರಫೂ ಮಾಡಿದೆ. ಎರಡು ರಾತ್ರಿ ಹಿಡಿಯಿತು. ಎರಡನೆಯ ರಾತ್ರಿ ಅವ್ವ ಕರೆಯನ್ನು ಕಡಿಯದೆ, ಫೋನನ್ನು ಅಡುಗೆಕಟ್ಟೆಯ ಮೇಲೆ ನಿಲ್ಲಿಸಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನ ಲಯಕ್ಕೆ ನನ್ನ ಸೂಜಿ ಸಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅದೇ ಉಡುಪು ತೊಟ್ಟು ಮಿಸಿಸಿಪ್ಪಿಯ ಮೇಲಿನ ವಬಾಶಾ ಬೀದಿಯ ಸೇತುವೆಯನ್ನು ನಡೆದು ದಾಟಿದೆ. ಅಕ್ಟೋಬರಿನಲ್ಲಿ ಅಲ್ಲಿ ನದಿಯ ಗಾಳಿ ಜೋರು, ಪ್ರತಿಸಲ ಒಂದು ಕೈಯಿಂದ ಲಂಗವನ್ನು ಒತ್ತಿ ಹಿಡಿದೇ ನಡೆಯುತ್ತಿದ್ದೆ. ಆ ದಿನ ಫಾಲಿನ ತೂಕಕ್ಕೆ ಅಂಚು ಕೆಳಗೇ ನಿಂತಿತು, ಗಾಳಿ ಬಂದಾಗ ಇಡೀ ಲಂಗ ಗಂಟೆಯಂತೆ ಒಮ್ಮೆ ತೂಗಿ ಮತ್ತೆ ಕಾಲಿಗೆ ಬಂದು ಕೂತಿತು. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಳ್ಳಬೇಕೆನ್ನಿಸಿತು, ಆದರೆ ಜೇಬು ಇದ್ದದ್ದು ಬಲಗಡೆ ಒಂದೇ. ಇನ್ನೊಂದು ಬದಿಗೂ ಜೇಬು ಹಾಕಲು ಹೊಲಿಗೆಯೊಳಗೆ ಎಷ್ಟು ಬಟ್ಟೆ ಉಳಿದಿದೆ ಎಂದು ಸಂಜೆ ಅಳೆದು ನೋಡಿ ಅವ್ವನಿಗೆ ಹೇಳಬೇಕೆಂದುಕೊಂಡು ಕಚೇರಿಯ ಕಡೆಗೆ ನಡೆದೆ.