ಯಾರದು ಮೇಡಂ ಗಾಡಿ?

ಬುಧವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಹುಡುಗ ಒಂದು ಮಾತು ಕೇಳಿದ. ಇವತ್ತು ಭಾನುವಾರ. ಇನ್ನೂ ಅದೇ ತಲೆಯಲ್ಲಿ ಕೊರೆಯುತ್ತಿದೆ.

"ಯಾರದು ಮೇಡಂ ಗಾಡಿ?"

"ಮಗಂದು."

"ಹಂಗನ್ನಿ" ಅಂದ. ಪೈಪ್ ಎತ್ತಿಕೊಂಡ.

ಇಷ್ಟೇ ನಡೆದದ್ದು. ಹುಡುಗನಿಗೆ ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದು. ಕೇಳಿದ್ದರಲ್ಲಿ ಕೊಂಕಿರಲಿಲ್ಲ. ನಾನು ಹೆಲ್ಮೆಟ್ ತೆಗೆದೆ, ನರೆತ ಕೂದಲು ಕಂಡಿತು, ಆಶ್ಚರ್ಯವಾಯಿತು, ಕೇಳಿದ. ಅವನ ಮೇಲೆ ನನಗೆ ಚೂರೂ ಬೇಜಾರಿಲ್ಲ. ಬೇಜಾರಾಗಿದ್ದು ನನ್ನ ಉತ್ತರಕ್ಕೆ. ಎಷ್ಟು ಬೇಗ ಬಂತು ಅದು! ಯೋಚನೆ ಮಾಡಲಿಲ್ಲ, ತಡವರಿಸಲಿಲ್ಲ. ಆ "ಹಂಗನ್ನಿ" ಕೇಳಿದಾಗ ಅವನ ಲೆಕ್ಕ ಸರಿಹೋಯಿತು ಅನ್ನೋದು ಗೊತ್ತಾಯಿತು. ಮಗನ ಗಾಡಿ, ತಾಯಿ ಪೆಟ್ರೋಲ್ ಹಾಕಿಸೋಕೆ ತಂದಿದ್ದಾಳೆ. ಮುಗೀತಲ್ಲ?

ಮುಗಿಯಲಿಲ್ಲ. ಯಾಕೆಂದರೆ ನಾನು ಆಗಷ್ಟೇ ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದಿದ್ದೆ. ಒಬ್ಬಳೇ. ಗೇರ್ ಬೈಕಿನಲ್ಲಿ. 33 ವರ್ಷದ ಮೇಲೆ.

ಗಾಡಿ ಕಾಗದದಲ್ಲಿ ಮಗನದೇ, ಸುಳ್ಳೇನಲ್ಲ. 2022ರಲ್ಲಿ ರಾಯಲ್ ಎನ್‌ಫೀಲ್ಡ್‌ನ ಹಂಟರ್ 350 ಬಂದ ಹೊಸದರಲ್ಲೇ ತಗೊಂಡ. ಈ ಜನವರಿಯಲ್ಲಿ ಕೆಲಸಕ್ಕೆ ಜರ್ಮನಿಗೆ ಹೋದ. ಹೋಗುವಾಗ "ಅಮ್ಮಾ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು. ಇಲ್ಲಾಂದ್ರೆ ಬ್ಯಾಟರಿ ಕೂತ್ಬಿಡುತ್ತೆ" ಅಂತ ಹೇಳಿದ. ಪ್ರತಿ ಭಾನುವಾರ ಹೊದಿಕೆ ತೆಗೆಯೋದು, ಬಟನ್ ಒತ್ತೋದು, ಹತ್ತು ನಿಮಿಷ ಪಕ್ಕದಲ್ಲಿ ನಿಲ್ಲೋದು. ನಾಲ್ಕನೇ ಭಾನುವಾರ ಸುಮ್ನೆ ಮೇಲೆ ಕೂತೆ. ಕ್ಲಚ್ ಹಿಡಿದೆ. ಗೇರ್ ಹಾಕಿದೆ. ತಕ್ಷಣ ಎಂಜಿನ್ ಆಫ್ ಆಯಿತು. ಎದೆ ಧಸಕ್ಕೆಂದಿತು, ಏನೋ ಕೆಡಿಸಿಬಿಟ್ಟೆ ಅಂತ. ಆಮೇಲೆ ಗೊತ್ತಾಯಿತು, ಸೈಡ್ ಸ್ಟಾಂಡ್ ಹಾಕಿಕೊಂಡೇ ಗೇರ್ ಹಾಕಿದರೆ ಈಗಿನ ಗಾಡಿಗಳು ತಾವೇ ನಿಂತುಹೋಗುತ್ತವಂತೆ. ನಮ್ಮ ಕಾಲದಲ್ಲಿ ಸ್ಟಾಂಡ್ ಎತ್ತೋದು ಮರೆತವರು ಮೊದಲನೇ ತಿರುವಿನಲ್ಲೇ ಬೀಳುತ್ತಿದ್ದರು.

ನಮ್ಮ ಕಾಲದ್ದು ಅಂದರೆ ಯೆಜ್ಡಿ. ಮೈಸೂರಿನವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ. ಅಪ್ಪ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. 1973ರಿಂದ ಅದರಲ್ಲಿ ಬರುತ್ತಿದ್ದದ್ದು ಯೆಜ್ಡಿ ಹೆಸರಿನ ಗಾಡಿ. ಆದರೂ ಊರವರ ಬಾಯಲ್ಲಿ ಕೊನೆಯ ತನಕ ಅದು ಜಾವಾ ಫ್ಯಾಕ್ಟರಿಯೇ. ಅಪ್ಪನದು ರೋಡ್‌ಕಿಂಗ್. ದಿನಾ ಬೆಳಿಗ್ಗೆ ಒರೆಸಿ, ಎರಡೂ ಸೈಲೆನ್ಸರಿನ ಮೇಲೆ ಕೈಯಾಡಿಸಿ, ಆಮೇಲೆಯೇ ಕಾಫಿ.

1986ರಲ್ಲಿ, ನನಗೆ ಹದಿನೆಂಟು ತುಂಬಿದ ವರ್ಷ, ದೊಡ್ಡಕೆರೆ ಮೈದಾನದಲ್ಲಿ ಓಡಿಸೋದು ಕಲಿಸಿದರು. ಅಣ್ಣನಿಗೆ ಕಲಿಸೋಕೆ ಅಂತ ಹೋಗಿದ್ದು. ಜೊತೆಗೆ ನಾನೂ ಹೋಗಿದ್ದೆ. ಅಣ್ಣ ಮೂರು ಸಲ ಬಿದ್ದು ಸಿಟ್ಟು ಮಾಡಿಕೊಂಡು ಕಲ್ಲಿನ ಮೇಲೆ ಕೂತ. ಅಪ್ಪ ನನ್ನ ಕಡೆ ನೋಡಿ "ನೀ ಬಾರೆ" ಅಂದರು.

ಯೆಜ್ಡಿಯಲ್ಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಒಂದೇ ಕಬ್ಬಿಣ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತೆ. ಸ್ಟಾರ್ಟ್ ಆದಮೇಲೆ ಮತ್ತೆ ಕೆಳಗಿಳಿಸಿದರೆ ಗೇರ್ ಆಗುತ್ತೆ. ಇನ್ನೂ ಒಂದು ಸೊಗಸಿತ್ತು. ಗೇರ್ ಒತ್ತುವಾಗ ಕ್ಲಚ್ ತಾನೇ ಬಿಡುತ್ತಿತ್ತು, ಕೈಯಲ್ಲಿ ಹಿಡಿಯದಿದ್ದರೂ ಗೇರ್ ಬೀಳುತ್ತಿತ್ತು. ಅಪ್ಪ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸೋರು. ನನಗೆ ಮಾತ್ರ "ಕೈಯಲ್ಲೇ ಹಿಡಿದು ಕಲಿ, ನಾಳೆ ಬೇರೆ ಗಾಡಿ ಓಡಿಸಬೇಕಾಗುತ್ತೆ" ಅಂದರು.

ಬೇರೆ ಗಾಡಿ ಓಡಿಸೋ ದಿನ ಬರೋಕೆ ಇಷ್ಟು ವರ್ಷ ಬೇಕಾಯಿತು.

ಯಾರೂ ಬೇಡ ಅನ್ನಲಿಲ್ಲ, ಅದನ್ನು ಹೇಳಲೇಬೇಕು. 1992ರಲ್ಲಿ ಮದುವೆ ಆಯಿತು. ಅತ್ತೆ ಒಳ್ಳೆಯವರೇ. "ಸೀರೆ ಚಕ್ರಕ್ಕೆ ಸಿಕ್ಕೀತು ಕಣಮ್ಮ" ಅಂದರು, ಅಷ್ಟೇ. ಅದರಲ್ಲಿ ಕಾಳಜಿಯೇ ಇದ್ದದ್ದು. ಗಂಡನ ಹತ್ತಿರ ಸ್ಕೂಟರ್ ಇತ್ತು. ನಾನು ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತೆ. ಆಮೇಲೆ ತೊಡೆಯ ಮೇಲೆ ಮಗ ಬಂದ, ಮಗನ ಜೊತೆ ಚೀಲ ಬಂತು, ನೀರಿನ ಬಾಟಲಿ ಬಂತು. ಕೆಲವು ವರ್ಷಕ್ಕೆ ಗೇರಿಲ್ಲದ ಸ್ಕೂಟರ್ ಮನೆಗೆ ಬಂತು, ಅದನ್ನು ನಾನೇ ಓಡಿಸಿದೆ. ಬ್ಯಾಂಕಿಗೆ, ಸ್ಕೂಲಿಗೆ, ತರಕಾರಿಗೆ. ಅದೂ ಇದ್ದದ್ದು ನಮ್ಮ ಯಜಮಾನರ ಹೆಸರಿನಲ್ಲಿ. ಆಗ ಅದು ಗಮನಕ್ಕೇ ಬಂದಿರಲಿಲ್ಲ. ಬುಧವಾರದಿಂದ ಒಂದೊಂದಾಗಿ ನೆನಪಾಗುತ್ತಿದೆ.

ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಪ್ಪ ಆಮೇಲೂ ದಿನಾ ಬೆಳಿಗ್ಗೆ ಗಾಡಿ ಒರೆಸುತ್ತಿದ್ದರು, ಹೋಗೋಕೆ ಜಾಗ ಇರಲಿಲ್ಲ, ಅಷ್ಟೇ. 1999ರಲ್ಲಿ ಹೋಗಿಬಿಟ್ಟರು. ಎರಡು ವರ್ಷಕ್ಕೆ ಅಣ್ಣ ಆ ರೋಡ್‌ಕಿಂಗನ್ನು ನಾಲ್ಕೂವರೆ ಸಾವಿರಕ್ಕೆ ಮಾರಿದ. ಯುಗಾದಿಗೆ ತವರಿಗೆ ಹೋದಾಗ ಶೆಡ್ಡಿನಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. "ಎಲ್ಲಿ?" ಅಂದೆ. "ಕೊಟ್ಬಿಟ್ಟೆ ಕಣೆ, ಸುಮ್ನೆ ತುಕ್ಕು ಹಿಡೀತಿತ್ತು" ಅಂದ. ಅವನದು ತಪ್ಪು ಅಂತ ಹೇಗೆ ಹೇಳಲಿ? ನನಗೆ ಬೇಕು ಅಂತ ನಾನು ಒಂದು ದಿನವೂ ಹೇಳಿರಲಿಲ್ಲ. ಆದರೆ ಅವನು ಕೇಳಬೇಕಿತ್ತು. ಇಷ್ಟು ವರ್ಷ ಬಾಯಿಬಿಟ್ಟು ಹೇಳಿಲ್ಲ, ಇವತ್ತು ಹೇಳುತ್ತಿದ್ದೇನೆ. ಕೇಳಬೇಕಿತ್ತು ಅಣ್ಣ.

ಕಾರಿಗೋಸ್ಕರ ಲೈಸೆನ್ಸ್ ರಿನೀವಲ್ ಮಾಡಿಸುತ್ತಾ ಬಂದಿದ್ದೆ. ಗೇರ್ ಇರುವ ಮೋಟಾರ್ ಸೈಕಲ್ಲೂ ಅದರಲ್ಲೇ ಇತ್ತು, ಹಳೇ ಲೈಸೆನ್ಸಿನಿಂದ ಬಂದಿದ್ದು. ಹಾಗಾಗಿ ಕಾನೂನಿನ ತೊಡಕಿರಲಿಲ್ಲ. ತೊಡಕಿದ್ದದ್ದು ಮೈಯಲ್ಲಿ.

ಓಡಿಸೋದು ಮರೆಯುವುದಿಲ್ಲ ಅನ್ನುತ್ತಾರೆ. ಅರ್ಧ ನಿಜ. ಕೈಗೆ ಎಲ್ಲಾ ನೆನಪಿರುತ್ತೆ, ಅದೇ ಅಪಾಯ. ಹದಿನೆಂಟರ ಕೈ ಹೇಳಿದ್ದನ್ನು 57ರ ಕುತ್ತಿಗೆ ಕೇಳುವುದಿಲ್ಲ. ಹಿಂದೆ ಬರುವ ಗಾಡಿ ನೋಡಲು ತಿರುಗಿದರೆ ಅರ್ಧಕ್ಕೇ ನಿಲ್ಲುತ್ತೆ. ನನ್ನ ಕನ್ನಡಕ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು. ಕಣ್ಣು ಕೆಳಗಿಳಿಸಿದರೆ ಮೀಟರ್ ಚೆನ್ನಾಗಿ ಕಾಣುತ್ತೆ, ಕಾಲಿಡಬೇಕಾದ ನೆಲ ಮಂಜುಮಂಜು. ಗಾಡಿಯ ತೂಕ 181 ಕೆಜಿ. ಓಡುತ್ತಿರುವಾಗ ಹೂವಿನ ಹಾಗಿರುತ್ತೆ. ನಿಂತಾಗ ಒಂದು ಹದ ಮೀರಿ ವಾಲಿತೋ, ಯಾರ ಕೈಗೂ ನಿಲ್ಲುವುದಿಲ್ಲ.

ಹಾಗೇ ಬಿದ್ದೆ. ಓಡಿಸೋಕೆ ಶುರುಮಾಡಿದ ಎರಡನೇ ವಾರ, ನಮ್ಮ ಗೇಟಿನ ಮುಂದೆಯೇ, ಇಳಿಜಾರಿನಲ್ಲಿ ತಿರುಗಿಸುವಾಗ. ವೇಗ ಸೊನ್ನೆ. ಕಾಲಿಟ್ಟ ಕಡೆ ಜಲ್ಲಿಪುಡಿ ಇತ್ತು, ಜಾರಿತು. ಹಾಲಿನವರು ಓಡಿಬಂದು ಎತ್ತಿದರು. ಒಂದು ಮಾತೂ ಆಡಲಿಲ್ಲ. ಕನ್ನಡಿ ಸರಿಮಾಡಿಕೊಟ್ಟು ಹೋದರು. ಆ ಮನುಷ್ಯನನ್ನು ನಾನು ಯಾವತ್ತೂ ಮರೆಯಲಾರೆ. ಯಾಕೆಂದರೆ ಆ ದಿನ ಸಂಜೆಯೊಳಗೆ ಮಾತಾಡದವರು ಅವರೊಬ್ಬರೇ. ಮಹಡಿಯ ಮನೆಯವರು "ಆಂಟಿ, ಯಾಕೆ ರಿಸ್ಕು?" ಅಂದರು. ನಾದಿನಿ ಫೋನ್ ಮಾಡಿ "ಈ ವಯಸ್ಸಲ್ಲಿ ಮೂಳೆ ಮುರಿದರೆ ಕೂಡಲ್ಲ ಅತ್ತಿಗೆ" ಅಂದಳು. ಅವಳ ಯಜಮಾನರಿಗೆ 63, ವಾರಕ್ಕೆ ಮೂರು ದಿನ ಬುಲೆಟ್ಟಿನಲ್ಲಿ ನಂಜನಗೂಡಿಗೆ ಹೋಗುತ್ತಾರೆ. ಅವರ ಮೂಳೆಯ ಚಿಂತೆ ಯಾರಿಗೂ ಬಂದ ಹಾಗಿಲ್ಲ.

ನಮ್ಮ ಯಜಮಾನರು ಬೇರೆ ಥರ. ಬೇಡ ಅನ್ನುವುದಿಲ್ಲ, ಸರಿ ಅನ್ನುವುದೂ ಇಲ್ಲ. ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಟ್ಟರು. ಮಾರನೇ ದಿನ ಗೇಟಿನ ಮುಂದಿನ ಜಲ್ಲಿಪುಡಿಯೆಲ್ಲ ಗುಡಿಸಿತ್ತು. ಗುಡಿಸಿದ್ದು ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಕ್ರಮವಾಗಿ ಕಲಿತೆ. ಊರಾಚೆ ಸೈಟು ಮಾಡಿಟ್ಟು ಮನೆ ಕಟ್ಟದ ಲೇಔಟ್ ಒಂದಿದೆ. ಬೆಳಿಗ್ಗೆ ಆರಕ್ಕೆ ಅಲ್ಲಿ ಎಂಟರ ಆಕಾರ ಹಾಕಿದೆ, ದಿನಾ ಇಪ್ಪತ್ತು ನಿಮಿಷ. ನಿಧಾನವಾಗಿ ತಿರುಗಿಸೋದೇ ಕಷ್ಟದ ಕೆಲಸ. ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಚೂರು, ಕಣ್ಣು ಹೋಗಬೇಕಾದ ಕಡೆ. ಕಣ್ಣು ಮುಂದಿನ ಚಕ್ರದ ಮೇಲೆ ಬಿತ್ತೋ, ಗಾಡಿ ಅಲ್ಲೇ ಮಲಗುತ್ತೆ. ಬಿದ್ದ ಗಾಡಿ ಎತ್ತೋದನ್ನೂ ಕಲಿತೆ. ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಬೆನ್ನಿನ ಬಲ ಬಿಟ್ಟು ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕಬೇಕು. ಮೂರು ಸಲ ಬೇಕಂತಲೇ ಹುಲ್ಲಿನ ಮೇಲೆ ಮಲಗಿಸಿ ಎತ್ತಿದೆ. ಮೂರನೇ ಸಲ ಎದ್ದು ನಿಂತಾಗ ಕಣ್ಣಲ್ಲಿ ನೀರು ಬಂತು. ಒಂದು ದಿನ ನಾಯಿ ಅಡ್ಡ ಬಂದು ಗಟ್ಟಿಯಾಗಿ ಬ್ರೇಕ್ ಹಿಡಿದೆ. ಲಿವರ್ ಬೆರಳಡಿ ಕಟಕಟ ನಡುಗಿತು, ಚಕ್ರ ಜಾರಲಿಲ್ಲ, ಗಾಡಿ ನೇರವಾಗಿ ನಿಂತಿತು. ಅದೇ ಎಬಿಎಸ್ ಅಂತೆ. ಅಪ್ಪ ಇದ್ದಿದ್ದರೆ ಅದನ್ನು ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ.

ಬುಧವಾರ ಬೆಟ್ಟಕ್ಕೆ ಹೊರಟಿದ್ದು ಹೀಗೆ. ಮಂಗಳವಾರ, ಶುಕ್ರವಾರ ಜನ ಜಾಸ್ತಿ ಅಂತ ಆ ದಿನ ಇಟ್ಟುಕೊಂಡೆ. ಮಗನ ಜಾಕೆಟ್, ತೋಳು ಎರಡು ಮಡಿಕೆ. ಐದೂಮುಕ್ಕಾಲಿಗೆ ರಸ್ತೆಯಲ್ಲಿ ಮಂಜಿತ್ತು. ಮೇಲೆ ದೇವಿಗೆ ಕೈಮುಗಿದು ಇಳಿಯುವಾಗ ನನಗೆ ಹೊಸದೊಂದು ಗೊತ್ತಾಯಿತು. ಯೆಜ್ಡಿ ಟೂ ಸ್ಟ್ರೋಕ್. ಇಳಿಜಾರಿನಲ್ಲಿ ಅದರ ಎಂಜಿನ್ ಅಷ್ಟು ಹಿಡಿಯುವುದಿಲ್ಲ, ಬ್ರೇಕನ್ನೇ ನಂಬಬೇಕು. ಅಪ್ಪ ಬೆಟ್ಟ ಇಳಿಯುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಈ ಗಾಡಿಯಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟೆ. ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ ಎಂಜಿನ್ ತಡೆಯಿತು. ತಿರುವು ಆದಮೇಲೆ ತಿರುವು, ಬ್ರೇಕ್ ಮುಟ್ಟದೆ ಇಳಿದೆ. ಕೆಳಗೆ ಊರಿನ ದೀಪಗಳು ಒಂದೊಂದೇ ಆರುತ್ತಿದ್ದವು. ಆ ಹೊತ್ತಿನಲ್ಲಿ ನಾನು ಯಾರ ತಾಯಿಯೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ ಅನ್ನಿಸಿತು. ಮೈದಾನದಲ್ಲಿ "ನೀ ಬಾರೆ" ಅಂತ ಕರೆಸಿಕೊಂಡ ಹುಡುಗಿ ಇಷ್ಟು ವರ್ಷ ಎಲ್ಲೂ ಹೋಗಿರಲಿಲ್ಲ.

ಇಳಿದು ಬಂಕಿಗೆ ಬಂದೆ. ಯಾರದು ಮೇಡಂ ಗಾಡಿ? ಮಗಂದು. ಹಂಗನ್ನಿ.

ಅಪ್ಪನ ಯೆಜ್ಡಿ. ಯಜಮಾನರ ಸ್ಕೂಟರ್. ಯಜಮಾನರದೇ ಕಾರು. ಮಗನ ಹಂಟರ್. 34 ವರ್ಷ ದುಡಿದಿದ್ದೇನೆ, ಬ್ಯಾಂಕಿನಲ್ಲಿ ಎಷ್ಟೋ ಜನರ ವಾಹನ ಸಾಲದ ಕಾಗದ ನೋಡಿದ್ದೇನೆ. ನನ್ನ ಹೆಸರಿನಲ್ಲಿ ಒಂದು ಸೈಕಲ್ಲೂ ಇಲ್ಲ. ನನಗೆ ಯಾರೂ ಅನ್ಯಾಯ ಮಾಡಲಿಲ್ಲ. ಓಡಿಸೋಕೆ ಎಲ್ಲರೂ ಕೊಟ್ಟರು. ಕೊಟ್ಟಿದ್ದನ್ನು ತಗೊಂಡೆ, ಬೇಕಾದಾಗ ವಾಪಸ್ ಕೊಟ್ಟೆ. ನನ್ನ ಓರಗೆಯ ಎಷ್ಟು ಹೆಂಗಸರು ಹೀಗೇ ಇದ್ದಾರೋ. ಚೆನ್ನಾಗಿ ಓಡಿಸುತ್ತಾರೆ, ಕೀ ಮಾತ್ರ ಇನ್ನೊಬ್ಬರ ಮೊಳೆಯಲ್ಲಿ ನೇತಾಡುತ್ತಿರುತ್ತೆ. ಮುಂದೆ ಯಾರೋ ಮಾರಿದಾಗ ಶೆಡ್ಡಿನಲ್ಲಿ ಎಣ್ಣೆಯ ಕಲೆ ನೋಡಬೇಕು.

ಶುಕ್ರವಾರ ರಾತ್ರಿ ಮಗ ವಿಡಿಯೋ ಕಾಲ್ ಮಾಡಿದ. ಇನ್ನು ಮೂರು ವರ್ಷ ಬರೋದು ಅನುಮಾನವಂತೆ. "ಅಮ್ಮಾ, ಬೈಕ್ ಮಾರಿಬಿಡೋಣ್ವಾ? ಈಗಾದ್ರೆ ಒಳ್ಳೆ ರೇಟ್ ಬರುತ್ತೆ."

ಕೇಳಿದನಲ್ಲ, ಅಷ್ಟಕ್ಕೇ ನನ್ನ ಮಗ ಅಂತ ಖುಷಿಯಾಯಿತು.

"ನಾನೇ ತಗೋತೀನಿ. ರೇಟ್ ಹೇಳು, ದುಡ್ಡು ಹಾಕ್ತೀನಿ."

ನಕ್ಕ. "ಅಯ್ಯೋ, ನಿಂದೇ ಕಣಮ್ಮ ಅದು. ದುಡ್ಡೇನು?"

"ನಂದೇ ಅಂತ ಬಾಯಲ್ಲಿ ಬೇಡ ಪುಟ್ಟಾ. ಆರ್‌ಸಿಯಲ್ಲಿ ಬರಲಿ."

ನಗು ನಿಲ್ಲಿಸಿದ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಏನೇನು ಕಾಗದ ಬೇಕು ಅಂತ ಕೇಳಿದ. ಫಾರಂ 29, ಫಾರಂ 30, ಪ್ರಿಂಟ್ ತೆಗೆದು ಸಹಿ ಹಾಕಿ ಕೊರಿಯರ್ ಮಾಡು ಅಂದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಟಿವಿಯ ಸದ್ದು ಕಡಿಮೆ ಮಾಡಿ "ಇನ್ಶೂರೆನ್ಸೂ ಹೆಸರು ಬದಲಾಯಿಸಬೇಕಾಗುತ್ತೆ, ಮರೀಬೇಡಿ" ಅಂದರು.

ಇವತ್ತು ಬೆಳಿಗ್ಗೆ ಇಲವಾಲದ ತನಕ ಹೋಗಿ ಬಂದೆ. ಬರುವಾಗ ಅದೇ ಬಂಕಿಗೆ ತಿರುಗಿಸಿದೆ. ಅದೇ ಹುಡುಗ ಇದ್ದ. ಹೆಲ್ಮೆಟ್ ತೆಗೆದೆ. ಅವನಿಗೆ ಗುರುತು ಸಿಕ್ಕಿತು, ತಲೆಯಾಡಿಸಿದ. ನಾನು ಟ್ಯಾಂಕಿನ ಮುಚ್ಚಳ ತೆಗೆದೆ.

"ಎಷ್ಟಕ್ಕೆ ಮೇಡಂ?"

"ಫುಲ್ ಮಾಡಪ್ಪ."