ಅಂಬಾಸಿಡರ್ ಕ್ಲಚ್ ಇಷ್ಟು ಬೇಗ ಯಾಕೆ ಸವೆಯಿತು?

ಅಪ್ಪನ ಹಳೇ ಅಂಬಾಸಿಡರ್‌ಗೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿ 6,000 ಕಿಲೋಮೀಟರ್ ಕೂಡ ಆಗಿರಲಿಲ್ಲ, ಅಷ್ಟರಲ್ಲೇ ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ‘ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀರಾ ಸಾರ್’ ಅಂದರು ಮೆಕ್ಯಾನಿಕ್. ನನಗೆ ಆ ಅಭ್ಯಾಸ ಖಂಡಿತ ಇಲ್ಲ.

ಬಿಚ್ಚಿ ನೋಡಿದರೆ ಎಣ್ಣೆಯ ಕಲೆ ಇಲ್ಲ, ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್ ಮಾತ್ರ ರಿವೆಟ್‌ವರೆಗೆ ಒಂದೇ ಸಮ ಸವೆದಿದೆ. ಅಂದರೆ ಕ್ಲಚ್ ಪೂರ್ತಿ ಹಿಡಿಯುತ್ತಲೇ ಇರಲಿಲ್ಲ.

ಪೆಡಲ್ ಒತ್ತಿದರೆ ಆಯಿಲ್ ಒತ್ತಡದಿಂದ ಬಿಡಿಸಿಕೊಳ್ಳುವ ಹೈಡ್ರಾಲಿಕ್ ಕ್ಲಚ್ ಅಲ್ವಾ, ಹೊಸ ಪ್ಲೇಟ್ ಕೂರಿಸಿದ ಮೇಲೆ ಪೆಡಲ್ ಒತ್ತಿ ಬಿಟ್ಟು, ರಬ್ಬರ್ ಹೋಸಿನ ಮೇಲಿನ ಪೈಪ್ ಜಾಯಿಂಟ್ ಸಡಿಲಿಸಿದೆ. ಏನೂ ಆಗಲಿಲ್ಲ. ಆಮೇಲೆ ಕೆಳಗೆ ಕ್ಲಚ್ ಬಿಡಿಸುವ ಸನ್ನೆಯನ್ನು (ಫೋರ್ಕ್) ತಳ್ಳುವ ಸ್ಲೇವ್ ಸಿಲಿಂಡರಿನ ನಿಪ್ಪಲ್ ತಿರುಗಿಸಿದ ತಕ್ಷಣ ಆಯಿಲ್ ಚಿಮ್ಮಿ, ಫೋರ್ಕ್ ಟಕ್ಕನೆ ಹಿಂದಕ್ಕೆ ಬಂತು! ಒತ್ತಡ ಹೋಸಿನ ಕೆಳಗೇ ಸಿಕ್ಕಿಕೊಂಡಿತ್ತು, ಅಂದರೆ ತಪ್ಪು ಹೋಸಿನದೇ. ಉದ್ದಕ್ಕೆ ಸೀಳಿ ನೋಡಿದೆ. ಒಳಪದರ ಕಿತ್ತು ನಾಲಿಗೆಯ ಹಾಗೆ ನಿಂತಿತ್ತು, ಆಯಿಲ್ ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಹಾಗಾಗಿ ಪೆಡಲ್ ಬಿಟ್ಟರೂ ಕ್ಲಚ್ ಅರ್ಧ ಒತ್ತಿದ ಹಾಗೇ ಉಳಿದು, ಜಾರಿ ಜಾರಿ ಸವೆದಿತ್ತು.